ಕಾಲೇಜು ಎಷ್ಟು ದೂರ? ಅಮೆರಿಕದ ಲ್ಯಾಟಿನೊ ಸಮುದಾಯ ಕಟ್ಟಿಕೊಂಡ ಶಿಕ್ಷಣ ಸಂಘಟನೆಗಳು

(ಕಾಲೇಜು ಅಧ್ಯಾಪಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಉತ್ತರಗಳನ್ನೂ ಸೇರಿಸಲಾಗಿದೆ.)

ಸ್ನೇಹಿತರೇ,

ಅಮೆರಿಕದ ಟೆಕ್ಸಾಸ್ ರಾಜ್ಯದ ದಕ್ಷಿಣ ತುದಿಯಲ್ಲಿ, ಮೆಕ್ಸಿಕೊ ಗಡಿಗೆ ಅಂಟಿಕೊಂಡಂತೆ ಬ್ರೌನ್ಸ್‌ವಿಲ್ ಎಂಬ ಊರಿದೆ. 1987ರಲ್ಲಿ ಅಲ್ಲಿನ ನ್ಯಾಯಾಲಯಕ್ಕೆ ಒಂದು ದಾವೆ ಬಂತು. ಗಡಿ ಸೀಮೆಯ ಮೆಕ್ಸಿಕನ್ ಅಮೆರಿಕನ್ ಸಂಘಟನೆಗಳು ಮತ್ತು ವಿದ್ಯಾರ್ಥಿಗಳು ರಾಜ್ಯ ಸರ್ಕಾರದ ಮೇಲೆ ಹೂಡಿದ ದಾವೆ ಅದು. ಯಾವುದೋ ಶಾಲೆಯಲ್ಲಿ ಯಾರನ್ನೋ ಬಾಗಿಲಲ್ಲಿ ತಡೆದರು ಎಂಬ ದೂರು ಅದರಲ್ಲಿರಲಿಲ್ಲ. ರಾಜ್ಯದ ತೆರಿಗೆ ಹಣದಿಂದ ಕಟ್ಟಿದ ಒಳ್ಳೆಯ ವಿಶ್ವವಿದ್ಯಾಲಯಗಳು ನಮ್ಮ ಸೀಮೆಯಲ್ಲಿ ಏಕಿಲ್ಲ ಎಂಬುದಷ್ಟೇ ಅವರ ಪ್ರಶ್ನೆ.

ಆ ಮೊಕದ್ದಮೆಯಲ್ಲಿ ಮುಂದಿಟ್ಟ ಅಂಕಿಗಳನ್ನು ಇಂದು ಓದಿದರೂ ಮನಸ್ಸು ಕಲಕುತ್ತದೆ. ಟೆಕ್ಸಾಸ್ ಜನಸಂಖ್ಯೆಯ ಸುಮಾರು ಶೇ 20ರಷ್ಟು ಜನ ಗಡಿ ಸೀಮೆಯಲ್ಲಿದ್ದರು. ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ರಾಜ್ಯ ಖರ್ಚು ಮಾಡುತ್ತಿದ್ದ ಹಣದಲ್ಲಿ ಆ ಸೀಮೆಗೆ ಸಿಗುತ್ತಿದ್ದುದು ಸುಮಾರು ಶೇ 10. ಇಡೀ ರಾಜ್ಯದಲ್ಲಿ ಆಗ ಅಂದಾಜು 590 ಡಾಕ್ಟರೇಟ್ ಕಾರ್ಯಕ್ರಮಗಳಿದ್ದವು. ಗಡಿಯ ವಿಶ್ವವಿದ್ಯಾಲಯಗಳಲ್ಲಿ ಇದ್ದುದು ಮೂರು. ಸ್ನಾತಕೋತ್ತರ ಮತ್ತು ಡಾಕ್ಟರೇಟ್ ಹಂತದಲ್ಲಿ ಹಲವು ವಿಷಯಗಳನ್ನು ಕಲಿಸುವ ಸರ್ಕಾರಿ ವಿಶ್ವವಿದ್ಯಾಲಯವನ್ನು ತಲುಪಲು ರಾಜ್ಯದ ಉಳಿದ ಭಾಗದ ವಿದ್ಯಾರ್ಥಿ ಸರಾಸರಿ 45 ಮೈಲಿ ಹೋದರೆ ಸಾಕಿತ್ತು. ಗಡಿಯ ವಿದ್ಯಾರ್ಥಿ 225 ಮೈಲಿ ಹೋಗಬೇಕಿತ್ತು, ಅಂದರೆ ಹೆಚ್ಚುಕಡಿಮೆ 360 ಕಿಲೋಮೀಟರ್.

ಇಂದು ನಾನು ಹೇಳಬೇಕೆಂದಿರುವುದೆಲ್ಲ ಈ 225 ಮೈಲಿಯ ಸುತ್ತಲೇ ಇದೆ. ಪ್ರತಿಭಾವಂತ ಹುಡುಗನೊಬ್ಬನ ಕೈಗೆ ಹಣ ಕೊಟ್ಟು ಅಷ್ಟು ದೂರ ಕಳುಹಿಸುವುದು ಒಂದು ಬಗೆಯ ಸಹಾಯ. ಆ ದೂರವನ್ನೇ ಕಡಿಮೆ ಮಾಡುವುದು ಇನ್ನೊಂದು ಬಗೆ. ಲ್ಯಾಟಿನೊಗಳು, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು, ಅಮೆರಿಕದಲ್ಲಿ ಕಟ್ಟಿಕೊಂಡ ಸಂಘಟನೆಗಳು ಎರಡನ್ನೂ ಮಾಡಿವೆ. ಎರಡನೆಯದನ್ನು ಮಾಡಿದ ಸಂಘಟನೆಗಳ ಬಗ್ಗೆ ನನಗೆ ಹೆಚ್ಚಿನ ಗೌರವವಿದೆ, ಅವುಗಳ ಕೆಲಸ ಹೊರಗಿನವರ ಕಣ್ಣಿಗೆ ಬಿದ್ದಿರುವುದು ಕಡಿಮೆ ಎಂಬ ಕೊರಗೂ ಇದೆ.

ಲ್ಯಾಟಿನೊ ಎಂದಾಗ ಒಂದೇ ಜನವೆಂದು ತಿಳಿಯಬಾರದು. ಇಂದು ಅಮೆರಿಕದಲ್ಲಿ ಅವರ ಸಂಖ್ಯೆ ಆರು ಕೋಟಿಗೂ ಹೆಚ್ಚು. ಐವರಲ್ಲಿ ಹೆಚ್ಚುಕಡಿಮೆ ಒಬ್ಬರು. ಅವರಲ್ಲಿ ಮೆಕ್ಸಿಕೊ ಮೂಲದವರೇ ಬಹುಪಾಲು. ಅವರಲ್ಲೂ ಅನೇಕರ ಹಿರಿಯರು ವಲಸೆ ಬಂದವರಲ್ಲ. 1848ರ ಒಪ್ಪಂದದಲ್ಲಿ ಮೆಕ್ಸಿಕೊದ ನೆಲ ಅಮೆರಿಕದ ಪಾಲಾದಾಗ ಇದ್ದಲ್ಲಿಯೇ ಬೇರೆ ದೇಶದವರಾದವರು. ಪೋರ್ಟೊ ರಿಕೊ ದ್ವೀಪದವರು 1917ರಿಂದ ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ಕ್ಯೂಬಾ, ಡೊಮಿನಿಕನ್ ಗಣರಾಜ್ಯ, ಮಧ್ಯ ಅಮೆರಿಕದ ದೇಶಗಳಿಂದ ಬಂದವರ ಕಥೆಗಳು ಬೇರೆ ಬೇರೆ. ಟೆಕ್ಸಾಸ್‌ನಲ್ಲಿ ಒಂದು ರೀತಿಯ ಸಂಘಟನೆ, ನ್ಯೂಯಾರ್ಕ್‌ನಲ್ಲಿ ಇನ್ನೊಂದು ರೀತಿಯದು ಬೆಳೆದದ್ದು ಇದರಿಂದಲೇ.

ಗಡಿ ಸೀಮೆಯ ಬಡತನ ಎಂಥದು ಎಂದು ತಿಳಿಯಲು ತೊಮಾಸ್ ರಿವೇರಾ ಅವರ ಬದುಕನ್ನು ನೋಡಬಹುದು. 1935ರಲ್ಲಿ ಟೆಕ್ಸಾಸ್‌ನ ಕ್ರಿಸ್ಟಲ್ ಸಿಟಿಯಲ್ಲಿ ಹುಟ್ಟಿದವರು. ಮನೆಯವರು ಕೃಷಿ ಕೂಲಿಗಳು. ಬೆಳೆ ಕೊಯ್ಲಿಗೆ ಬಂದಂತೆ ಕುಟುಂಬ ಉತ್ತರದ ರಾಜ್ಯಗಳಿಗೆ ಗುಳೆ ಹೋಗುತ್ತಿತ್ತು. ಶಾಲೆ ಆರಂಭವಾದ ಮೇಲೆ ಮಕ್ಕಳು ಊರಿಗೆ ಮರಳುವುದು, ಮುಗಿಯುವ ಮುನ್ನವೇ ಮತ್ತೆ ಹೊರಡುವುದು ಗುಳೆ ಕುಟುಂಬಗಳಲ್ಲಿ ಸಾಮಾನ್ಯವಾಗಿತ್ತು. ಹಾಗೆ ಬೆಳೆದ ರಿವೇರಾ ಲೇಖಕರಾದರು, ಡಾಕ್ಟರೇಟ್ ಪಡೆದರು, 1979ರಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಆವರಣದ ಮುಖ್ಯಸ್ಥರಾದರು. ಆ ಬೃಹತ್ ವಿಶ್ವವಿದ್ಯಾಲಯ ವ್ಯವಸ್ಥೆಯಲ್ಲಿ ಆ ಹುದ್ದೆಗೇರಿದ ಮೊದಲ ಮೆಕ್ಸಿಕನ್ ಅಮೆರಿಕನ್ ಅವರು. 1984ರಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡರು. ಇಂಥ ಒಬ್ಬರ ಹೆಸರನ್ನು ಎತ್ತಿ ಹಿಡಿದು ನೋಡಿ, ಮನಸ್ಸಿದ್ದರೆ ಯಾರು ಬೇಕಾದರೂ ಮೇಲೆ ಬರಬಹುದು ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ರಿವೇರಾ ಅವರ ಜೊತೆ ಅದೇ ಹೊಲಗಳಲ್ಲಿ ಬಾಗಿ ದುಡಿದ ಉಳಿದ ಮಕ್ಕಳಿಗೆ ಮನಸ್ಸಿರಲಿಲ್ಲ ಎಂದು ಹೇಳುವ ಹಕ್ಕು ಯಾರಿಗಿದೆ?

ಬ್ರೌನ್ಸ್‌ವಿಲ್ ದಾವೆಗೆ ಮರಳೋಣ. ಅದನ್ನು ನಡೆಸಿದ ವಕೀಲರು ಮಾಲ್ಡೆಫ್ ಎಂದು ಕರೆಯುವ ಮೆಕ್ಸಿಕನ್ ಅಮೆರಿಕನ್ ಕಾನೂನು ರಕ್ಷಣಾ ಮತ್ತು ಶಿಕ್ಷಣ ನಿಧಿಯವರು. 1968ರಲ್ಲಿ ಸ್ಯಾನ್ ಆಂಟೋನಿಯೊ ನಗರದಲ್ಲಿ ಪೀಟ್ ತಿಹೆರಿನಾ ಎಂಬ ವಕೀಲರ ಮುಂದಾಳತ್ವದಲ್ಲಿ, ಫೋರ್ಡ್ ಪ್ರತಿಷ್ಠಾನದ 22 ಲಕ್ಷ ಡಾಲರ್ ನೆರವಿನಿಂದ ಆರಂಭವಾದ ಸಂಸ್ಥೆ. ಕರಿಯ ಜನರ ನಾಗರಿಕ ಹಕ್ಕುಗಳಿಗಾಗಿ ನ್ಯಾಯಾಲಯಗಳಲ್ಲಿ ನಡೆದ ಹೋರಾಟವೇ ಅವರಿಗೆ ಮಾದರಿ. 1982ರಲ್ಲಿ ದೇಶದ ಸುಪ್ರೀಂ ಕೋರ್ಟ್ ಮುಂದೆ ಅವರು ಒಂದು ದೊಡ್ಡ ಗೆಲುವು ಪಡೆದಿದ್ದರು. ದಾಖಲೆಗಳಿಲ್ಲದೆ ದೇಶದಲ್ಲಿರುವ ಕುಟುಂಬಗಳ ಮಕ್ಕಳನ್ನೂ ಸರ್ಕಾರಿ ಶಾಲೆಗಳು ಉಚಿತವಾಗಿ ಸೇರಿಸಿಕೊಳ್ಳಲೇಬೇಕು ಎಂಬ ಆ ತೀರ್ಪು ಟೆಕ್ಸಾಸ್‌ನ ಟೈಲರ್ ಪಟ್ಟಣದ ಪ್ರಕರಣದಲ್ಲಿ ಬಂದದ್ದು. ಆದರೆ ಅದು ಶಾಲೆಯ ಮಟ್ಟಕ್ಕೆ ನಿಂತಿತು. ಕಾಲೇಜಿನ ಪ್ರಶ್ನೆ ಹಾಗೆಯೇ ಉಳಿದಿತ್ತು.

ಗಡಿ ಸೀಮೆಯ ದಾವೆಯಲ್ಲಿ ಏನಾಯಿತು? ಕೆಳಗಿನ ನ್ಯಾಯಾಲಯದ ನ್ಯಾಯಾಧೀಶರು 1992ರ ಆರಂಭದಲ್ಲಿ, ಟೆಕ್ಸಾಸ್ ತನ್ನ ಉನ್ನತ ಶಿಕ್ಷಣ ವ್ಯವಸ್ಥೆಯನ್ನು ನಡೆಸುತ್ತಿರುವ ರೀತಿ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದರು. 1993ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಕಾನೂನಿನ ಲೆಕ್ಕದಲ್ಲಿ ಇದು ಸೋಲು. ಆದರೆ ಮೊಕದ್ದಮೆ ನಡೆಯುತ್ತಿದ್ದಾಗಲೇ, 1989ರಲ್ಲಿ, ಅದರ ಒತ್ತಡಕ್ಕೆ ರಾಜ್ಯದ ಶಾಸನಸಭೆ ಅಲುಗಿತ್ತು. ದಕ್ಷಿಣ ಟೆಕ್ಸಾಸ್ ಗಡಿ ಯೋಜನೆ ಎಂಬ ಹೆಸರಿನಲ್ಲಿ ಆ ಸೀಮೆಯ ಕಾಲೇಜುಗಳಿಗೆ ಹಣ ಹರಿಯತೊಡಗಿತು. ಗಡಿ ಸೀಮೆಯ ಎಡಿನ್‌ಬರ್ಗ್ ಎಂಬ ಊರಿನ ಪ್ಯಾನ್ ಅಮೆರಿಕನ್ ವಿಶ್ವವಿದ್ಯಾಲಯ ಬಲಿಷ್ಠವಾದ ಯೂನಿವರ್ಸಿಟಿ ಆಫ್ ಟೆಕ್ಸಾಸ್ ಕೂಟಕ್ಕೆ ಸೇರಿತು. ಲರೇಡೊದ ಕಾಲೇಜು ಟೆಕ್ಸಾಸ್‌ನ ಇನ್ನೊಂದು ವಿಶ್ವವಿದ್ಯಾಲಯ ಕೂಟವಾದ ಎ ಅಂಡ್ ಎಂಗೆ ಸೇರಿ ಪೂರ್ಣ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಹೊಸ ಕಟ್ಟಡಗಳು, ಪ್ರಯೋಗಾಲಯಗಳು, ಹೊಸ ಸ್ನಾತಕೋತ್ತರ ವಿಭಾಗಗಳು ಬಂದವು. ಕೊನೆಯ ತೀರ್ಪು ಹೊರಬರುವ ಹೊತ್ತಿಗೆ ಗಡಿ ಸೀಮೆಯ ಶಿಕ್ಷಣದ ನಕಾಶೆ ಬದಲಾಗತೊಡಗಿತ್ತು.

ಇಲ್ಲಿ ಒಂದು ಒಳಗಿನ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಂಥ ಹೋರಾಟಗಳ ನಿಜವಾದ ಕಷ್ಟ ಇಂಥ ಮೂಲೆಗಳಲ್ಲೇ ಇರುತ್ತದೆ. ಟೆಕ್ಸಾಸ್‌ನಲ್ಲಿ ಕಾಯಂ ವಿಶ್ವವಿದ್ಯಾಲಯ ನಿಧಿ ಎಂಬುದೊಂದಿದೆ. ಹತ್ತೊಂಬತ್ತನೇ ಶತಮಾನದಲ್ಲಿ ರಾಜ್ಯ ತನ್ನ ಪಶ್ಚಿಮ ಭಾಗದ ಒಣ ನೆಲವನ್ನು ವಿಶ್ವವಿದ್ಯಾಲಯಕ್ಕೆಂದು ಬಿಟ್ಟುಕೊಟ್ಟಿತು, ಒಟ್ಟು 21 ಲಕ್ಷ ಎಕರೆ. 1923ರಲ್ಲಿ ಆ ನೆಲದಲ್ಲಿ ಎಣ್ಣೆ ಸಿಕ್ಕಿತು. ಅಲ್ಲಿಂದ ಆ ನಿಧಿ ಶತಕೋಟಿಗಳ ಲೆಕ್ಕದಲ್ಲಿ ಬೆಳೆದಿದೆ. ಆದರೆ ಯಾವ ಸಂಸ್ಥೆಗಳು ಅದರ ಪಾಲು ಪಡೆಯಬಹುದು ಎಂಬುದು ರಾಜ್ಯದ ಸಂವಿಧಾನದಲ್ಲೇ ಬರೆದಿರುವ ವಿಷಯ. ಬ್ರೌನ್ಸ್‌ವಿಲ್ ಮತ್ತು ಎಡಿನ್‌ಬರ್ಗ್‌ನ ಆವರಣಗಳು ದೊಡ್ಡ ಕೂಟಕ್ಕೆ ಸೇರಿದ ಮೇಲೂ ಎಣ್ಣೆಯ ಹಣ ಅವುಗಳಿಗೆ ಸಿಗುತ್ತಿರಲಿಲ್ಲ. 2013ರಲ್ಲಿ ಶಾಸನಸಭೆ ಇದಕ್ಕೊಂದು ದಾರಿ ಮಾಡಿತು. ಎರಡು ಹಳೆಯ ವಿಶ್ವವಿದ್ಯಾಲಯಗಳನ್ನು ಮುಚ್ಚಿ, ಅವುಗಳನ್ನು ಕೂಡಿಸಿ, ಮೂರನೇ ಎರಡರಷ್ಟು ಬಹುಮತದಿಂದ ಹೊಸದೊಂದನ್ನು ಹುಟ್ಟುಹಾಕಿತು: ಯೂನಿವರ್ಸಿಟಿ ಆಫ್ ಟೆಕ್ಸಾಸ್ ರಿಯೊ ಗ್ರಾಂಡೆ ವ್ಯಾಲಿ. ಹೊಸ ಸಂಸ್ಥೆಯಾದ್ದರಿಂದ ನಿಧಿಯ ಬಾಗಿಲು ತೆರೆಯಿತು. 2015ರಲ್ಲಿ ತರಗತಿಗಳು ಆರಂಭವಾದವು, 2016ರಲ್ಲಿ ಅದರ ವೈದ್ಯಕೀಯ ಕಾಲೇಜಿಗೆ ಮೊದಲ ತಂಡ ಸೇರಿತು. ದಾವೆ ಹೂಡಿ ಆಗಲೇ ಮೂರು ದಶಕ ಕಳೆಯುತ್ತ ಬಂದಿತ್ತು. 1987ರಲ್ಲಿ ಅರ್ಜಿಗೆ ಸಹಿ ಹಾಕಿದ ವಿದ್ಯಾರ್ಥಿಗಳಿಗೆ ಇದರಿಂದ ನೇರವಾಗಿ ಏನೂ ದಕ್ಕಲಿಲ್ಲ. ಅವರ ಮಕ್ಕಳ ವಯಸ್ಸಿನವರು ಇಂದು ಅಲ್ಲಿ ಓದುತ್ತಿದ್ದಾರೆ.

ದೂರ ಎಂದರೆ ಬರೀ ಬಸ್ಸಿನ ಖರ್ಚಲ್ಲ ಎಂಬುದು ಇಲ್ಲಿರುವ ಅಧ್ಯಾಪಕರಿಗೆ ಗೊತ್ತು. ಮನೆಯ ದುಡಿಮೆಯಲ್ಲಿ ಹದಿನೆಂಟರ ಮಗನ ಪಾಲು ಇರುತ್ತದೆ. ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ಇಂಗ್ಲಿಷ್ ಬಾರದ ಅಜ್ಜಿಯ ಜೊತೆ ಆಸ್ಪತ್ರೆಗೆ ಹೋಗಿ ವೈದ್ಯರ ಮಾತನ್ನು ತಿಳಿಸಿ ಹೇಳುವುದು ಹೆಚ್ಚಾಗಿ ಮಗಳ ಕೆಲಸ. ಅಂಥ ಮನೆಯಿಂದ ಮಗಳನ್ನು 360 ಕಿಲೋಮೀಟರ್ ಆಚೆಗೆ ಕಳುಹಿಸಲು ತಂದೆತಾಯಿ ಹಿಂಜರಿದರೆ ಅವರಿಗೆ ಓದಿನ ಬೆಲೆ ಗೊತ್ತಿಲ್ಲ ಎಂದು ಬರೆದ ಅಧಿಕಾರಿಗಳೂ ಪಂಡಿತರೂ ಬಹಳ ಜನ ಇದ್ದರು. ಮನೆಯ ಹತ್ತಿರ ಕಾಲೇಜು ಬಂದಾಗ ಅದೇ ತಂದೆತಾಯಿಯರ ಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಸೇರಿದರು.

ಗಡಿಯ ದಾವೆ ಹೂಡುವ ಹಿಂದಿನ ವರ್ಷ, 1986ರಲ್ಲಿ, ಅದೇ ಸ್ಯಾನ್ ಆಂಟೋನಿಯೊದಲ್ಲಿ ಇನ್ನೊಂದು ಸಂಘಟನೆ ಹುಟ್ಟಿತು. ಹಿಸ್ಪಾನಿಕ್ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಒಕ್ಕೂಟ, ಹಾಕು ಎಂದು ಚಿಕ್ಕದಾಗಿ ಕರೆಯುತ್ತಾರೆ. ಹಿಸ್ಪಾನಿಕ್ ಎಂಬುದು ಸ್ಥೂಲವಾಗಿ ಲ್ಯಾಟಿನೊಗಳಿಗೇ ಇರುವ ಇನ್ನೊಂದು ಹೆಸರು. ಸೇರಿದ್ದು 18 ಸಂಸ್ಥೆಗಳು. ಇದರ ಹಿಂದಿನ ವಿಚಾರ ಸರಳ, ಆದರೆ ಅದುವರೆಗೆ ಯಾರೂ ಅದನ್ನು ಕಾನೂನಿನ ರೂಪಕ್ಕೆ ತಂದಿರಲಿಲ್ಲ. ಅಮೆರಿಕದಲ್ಲಿ ಕರಿಯ ವಿದ್ಯಾರ್ಥಿಗಳಿಗೆಂದೇ ಸ್ಥಾಪನೆಯಾದ ಕಾಲೇಜುಗಳಿದ್ದವು. ಬೇರೆಡೆ ಬಾಗಿಲು ಮುಚ್ಚಿದ್ದಾಗ ಹುಟ್ಟಿಕೊಂಡವು. ಲ್ಯಾಟಿನೊಗಳಿಗೆ ಅಂಥ ಪರಂಪರೆ ಇರಲಿಲ್ಲ. ಅವರು ಓದುತ್ತಿದ್ದುದು ತಮ್ಮ ಮನೆಗಳ ಹತ್ತಿರದ ಸಾಮಾನ್ಯ ಸರ್ಕಾರಿ ಕಾಲೇಜುಗಳಲ್ಲಿ, ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳಲ್ಲಿ. ಲೆಕ್ಕ ಹಾಕಿ ನೋಡಿದಾಗ, ದೇಶದ ಕಾಲೇಜುಗಳಲ್ಲಿ ಒಂದು ಸಣ್ಣ ಪಾಲಿನಲ್ಲೇ ಲ್ಯಾಟಿನೊ ವಿದ್ಯಾರ್ಥಿಗಳ ದೊಡ್ಡ ಪಾಲು ಸೇರಿಕೊಂಡಿದೆ ಎಂಬುದು ಕಂಡಿತು. ಆ ಕಾಲೇಜುಗಳೇ ಹಣಕ್ಕೆ ಅತ್ಯಂತ ಬಡವಾಗಿದ್ದವು. ವಿದ್ಯಾರ್ಥಿಗಳನ್ನು ಹುಡುಕಿ ಹುಡುಕಿ ಹಣ ಕೊಡುವುದಕ್ಕಿಂತ ಅವರು ಈಗಾಗಲೇ ಇರುವ ಕಾಲೇಜುಗಳನ್ನು ಬಲಪಡಿಸಿ ಎಂದು ಹಾಕು ವಾಷಿಂಗ್ಟನ್‌ಗೆ ಹೋಗಿ ಕೇಳಿತು.

1992ರಲ್ಲಿ ಸಂಸತ್ತು ಉನ್ನತ ಶಿಕ್ಷಣ ಕಾಯಿದೆಯನ್ನು ಪರಿಷ್ಕರಿಸುವಾಗ ಇದನ್ನು ಒಪ್ಪಿತು. ಪದವಿ ಹಂತದ ವಿದ್ಯಾರ್ಥಿಗಳಲ್ಲಿ ಕನಿಷ್ಠ ಶೇ 25 ಮಂದಿ ಹಿಸ್ಪಾನಿಕ್ ಆಗಿದ್ದರೆ ಆ ಸಂಸ್ಥೆ ಹಿಸ್ಪಾನಿಕ್ ಸೇವಾ ಸಂಸ್ಥೆ ಎನಿಸಿಕೊಳ್ಳುತ್ತದೆ. ಅದಷ್ಟೇ ಸಾಲದು, ಬಡ ವಿದ್ಯಾರ್ಥಿಗಳು ಗಣನೀಯವಾಗಿರಬೇಕು, ಒಬ್ಬ ವಿದ್ಯಾರ್ಥಿಯ ಮೇಲೆ ಸಂಸ್ಥೆ ಮಾಡುವ ಖರ್ಚು ಅದೇ ಬಗೆಯ ಉಳಿದ ಸಂಸ್ಥೆಗಳಿಗಿಂತ ಕಡಿಮೆಯಿರಬೇಕು. 1995ರಲ್ಲಿ ಮೊದಲ ಬಾರಿಗೆ 1.2 ಕೋಟಿ ಡಾಲರ್ ಅನುದಾನ ಬಂತು. 1998ರಲ್ಲಿ ಕಾಯಿದೆಯಲ್ಲಿ ಇದಕ್ಕೆಂದೇ ಐದನೆಯ ಅಧ್ಯಾಯ ಮೀಸಲಾಯಿತು. ಅನುದಾನ ಸಾಮಾನ್ಯವಾಗಿ ಐದು ವರ್ಷಗಳಿಗೆ ಸಿಗುತ್ತಿತ್ತು, ಅದೂ ಕಾಲೇಜುಗಳು ಒಂದರೊಡನೊಂದು ಪೈಪೋಟಿ ಮಾಡಿ ಗೆದ್ದಾಗ. ವಿಜ್ಞಾನದ ಪ್ರಯೋಗಾಲಯ, ಗ್ರಂಥಾಲಯ, ಗಣಿತದಲ್ಲಿ ಹಿಂದೆ ಬಿದ್ದವರಿಗೆ ಸಂಜೆ ಪಾಠ, ಅಧ್ಯಾಪಕರ ತರಬೇತಿ ಇಂಥವಕ್ಕೆ ಅದನ್ನು ಬಳಸುತ್ತಿದ್ದರು.

ಆ ಹಣದಿಂದ ಕಟ್ಟಿದ ಪ್ರಯೋಗಾಲಯದಲ್ಲಿ ಯಾರು ಕೂರುತ್ತಾರೆ? ಆ ಕಾಲೇಜಿನ ಎಲ್ಲರೂ. ನಮ್ಮ ರಾಜ್ಯದಿಂದ ಸ್ನಾತಕೋತ್ತರ ಎಂಜಿನಿಯರಿಂಗ್ ಓದಲು ಹೋಗುವ ಮಕ್ಕಳು ಸೇರುವ ಯೂನಿವರ್ಸಿಟಿ ಆಫ್ ಟೆಕ್ಸಾಸ್‌ನ ಅರ್ಲಿಂಗ್ಟನ್ ಆವರಣ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್, ಶಿಕಾಗೊದಲ್ಲಿರುವ ಇಲಿನಾಯ್ ವಿಶ್ವವಿದ್ಯಾಲಯ, ಇವೆಲ್ಲ ಹಿಸ್ಪಾನಿಕ್ ಸೇವಾ ಸಂಸ್ಥೆಗಳೇ. ಅಲ್ಲಿ ಓದಿ ಬಂದ ಎಷ್ಟೋ ಕನ್ನಡಿಗರಿಗೆ ಇದು ಗೊತ್ತಿರಲಾರದು. 1990ರ ದಶಕದ ನಡುವಿನಲ್ಲಿ ಇಂಥ ಸಂಸ್ಥೆಗಳು ಇನ್ನೂರರ ಒಳಗಿದ್ದವು. ಇಂದು 600ಕ್ಕೂ ಹೆಚ್ಚು. ದೇಶದ ಲ್ಯಾಟಿನೊ ಪದವಿ ವಿದ್ಯಾರ್ಥಿಗಳಲ್ಲಿ ಮೂರರಲ್ಲಿ ಎರಡು ಪಾಲು ಇವುಗಳಲ್ಲೇ ಓದುತ್ತಾರೆ. ರಿವೇರಾ ಮುಖ್ಯಸ್ಥರಾಗಿದ್ದ ರಿವರ್‌ಸೈಡ್ 2008ರಲ್ಲಿ ಈ ಸಾಲಿಗೆ ಸೇರಿತು.

ಲ್ಯಾಟಿನೊಗಳಿಗೆಂದೇ ಹುಟ್ಟಿದ ಕಾಲೇಜುಗಳು ಇರಲಿಲ್ಲ ಎಂದೆ. ಕೆಲವೇ ಕೆಲವು ಇವೆ. ಅವುಗಳಲ್ಲಿ ಒಂದರ ಕಥೆ ನ್ಯೂಯಾರ್ಕ್‌ನದು. ಅಲ್ಲಿಗೆ ಹೋಗುವ ಮೊದಲು ಆಂಟೋನಿಯಾ ಪಾಂಟೋಹಾ ಎಂಬ ಹೆಣ್ಣುಮಗಳನ್ನು ಪರಿಚಯಿಸಬೇಕು. ಪೋರ್ಟೊ ರಿಕೊದ ಬಡ ಮನೆಯವರು. ದ್ವೀಪದ ಹಳ್ಳಿಶಾಲೆಗಳಲ್ಲಿ ಪಾಠ ಹೇಳಿದವರು. 1944ರಲ್ಲಿ ನ್ಯೂಯಾರ್ಕ್‌ಗೆ ಬಂದು ಕಾರ್ಖಾನೆಯಲ್ಲಿ ದುಡಿದರು. ದುಡಿಯುತ್ತಲೇ ಹಂಟರ್ ಕಾಲೇಜಿನಲ್ಲಿ ಪದವಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಪಡೆದರು. ನಗರದ ಶಾಲೆಗಳಲ್ಲಿ ಪೋರ್ಟೊ ರಿಕೊದ ಮಕ್ಕಳನ್ನು ಕೈಕಸಬಿನ ತರಗತಿಗಳ ಕಡೆಗೆ ತಳ್ಳುವುದನ್ನು, ಅವರಲ್ಲಿ ಬಹಳ ಮಂದಿ ಪ್ರೌಢಶಾಲೆ ಮುಗಿಸುವ ಮುನ್ನವೇ ಬಿಡುವುದನ್ನು ಕಣ್ಣಾರೆ ಕಂಡಿದ್ದರು. 1961ರಲ್ಲಿ ಆಸ್ಪಿರಾ ಎಂಬ ಸಂಸ್ಥೆಯನ್ನು ಕಟ್ಟಿದರು.

ಆಸ್ಪಿರಾದ ಕೆಲಸದ ರೀತಿ ನನಗೆ ಬಹಳ ಇಷ್ಟ. ಅವರು ಪ್ರೌಢಶಾಲೆಗಳಲ್ಲಿ ವಿದ್ಯಾರ್ಥಿ ಸಂಘಗಳನ್ನು ಕಟ್ಟಿದರು. ಹದಿಹರೆಯದ ಮಕ್ಕಳು ಸೇರಿ ತಮ್ಮ ದ್ವೀಪದ ಚರಿತ್ರೆ ಓದುವುದು, ಸಭೆ ನಡೆಸುವುದು, ಬಡಾವಣೆಯ ಸಮಸ್ಯೆಗಳನ್ನು ಚರ್ಚಿಸುವುದು, ಜೊತೆಗೆ ಕಾಲೇಜು ಅರ್ಜಿ ತುಂಬುವುದು, ಹಣಕಾಸಿನ ನೆರವು ಹುಡುಕುವುದು. ನಿನಗೆ ಸಹಾಯ ಮಾಡುತ್ತೇವೆ ಎನ್ನುವುದರ ಜೊತೆಗೆ ನೀನು ನಾಳೆ ನಿನ್ನ ಬಡಾವಣೆಯ ಮುಂದಾಳು ಎಂದೂ ಆ ಮಕ್ಕಳಿಗೆ ಹೇಳುತ್ತಿದ್ದರು. ಬರೀ ಮೇಲೇಳು, ಹೊರಟುಹೋಗು ಎನ್ನುವ ಸಹಾಯಕ್ಕೂ ಇದಕ್ಕೂ ಬಹಳ ಅಂತರ. 1970ರ ದಶಕದಲ್ಲಿ ಇದೇ ಆಸ್ಪಿರಾ ನಗರದ ಶಿಕ್ಷಣ ಮಂಡಳಿಯ ಮೇಲೆ ದಾವೆ ಹೂಡಿತು. 1974ರ ಒಪ್ಪಂದದ ಪ್ರಕಾರ, ಇಂಗ್ಲಿಷ್ ಬಾರದ, ಸ್ಪ್ಯಾನಿಷ್ ಮಾತನಾಡುವ ಮಕ್ಕಳಿಗೆ ಅವರ ಭಾಷೆಯಲ್ಲೂ ಪಾಠ ಹೇಳುವುದು ನ್ಯೂಯಾರ್ಕ್ ಶಾಲೆಗಳ ಹೊಣೆಯಾಯಿತು. ಪಾಂಟೋಹಾ ಅವರಿಗೆ 1996ರಲ್ಲಿ ಅಮೆರಿಕದ ಅಧ್ಯಕ್ಷರು ಆ ದೇಶದ ಅತ್ಯುನ್ನತ ನಾಗರಿಕ ಗೌರವವನ್ನು ಕೊಟ್ಟರು. ಅವರು 2002ರಲ್ಲಿ ತೀರಿಕೊಂಡರು.

ಅದೇ ನಗರದ ದಕ್ಷಿಣ ಬ್ರಾಂಕ್ಸ್‌ನಲ್ಲಿ, ಹತ್ತೊಂಬತ್ತನೇ ಶತಮಾನದ ಪೋರ್ಟೊ ರಿಕೊದ ಶಿಕ್ಷಣ ಚಿಂತಕ ಎವುಹೆನಿಯೊ ಮರಿಯಾ ದೆ ಓಸ್ತೋಸ್ ಅವರ ಹೆಸರಿನಲ್ಲಿ, 1968ರಲ್ಲಿ ಒಂದು ಕಮ್ಯುನಿಟಿ ಕಾಲೇಜು ಸ್ಥಾಪನೆಯಾಯಿತು. ಹಳೆಯ ಟೈರ್ ಕಾರ್ಖಾನೆಯ ಕಟ್ಟಡದಲ್ಲಿ 1970ರಲ್ಲಿ ತರಗತಿಗಳು ಆರಂಭವಾದವು. ಸ್ಪ್ಯಾನಿಷ್‌ನಲ್ಲಿ ವಿಷಯ ಕಲಿಯುತ್ತ, ಜೊತೆಜೊತೆಗೇ ಇಂಗ್ಲಿಷ್ ಗಟ್ಟಿಮಾಡಿಕೊಳ್ಳುವ ವ್ಯವಸ್ಥೆ ಅಲ್ಲಿತ್ತು. ಮಕ್ಕಳನ್ನು ಬೆಳೆಸಿ ಮುಗಿಸಿದ ತಾಯಂದಿರು, ಕಾರ್ಖಾನೆಯ ಪಾಳಿ ಮುಗಿಸಿ ಬಂದ ಗಂಡಸರು ಅಲ್ಲಿ ಓದಿದರು. ಐದೇ ವರ್ಷಗಳಲ್ಲಿ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂತು. ಖರ್ಚು ಕಡಿತದ ಪಟ್ಟಿಯಲ್ಲಿ ಓಸ್ತೋಸ್ ಕಾಲೇಜನ್ನು ಮುಚ್ಚಿ ಇನ್ನೊಂದರಲ್ಲಿ ವಿಲೀನಗೊಳಿಸುವ ಪ್ರಸ್ತಾವವಿತ್ತು. ವಿದ್ಯಾರ್ಥಿಗಳು, ಅಧ್ಯಾಪಕರು, ಸುತ್ತಲಿನ ಬಡಾವಣೆಯವರು ಬೀದಿಗಿಳಿದರು. ಕಾಲೇಜಿನ ಕಟ್ಟಡದೊಳಗೇ ಹೊಕ್ಕು ಕುಳಿತರು. ಪೊಲೀಸರು ಬಂಧಿಸಿದರೂ ಹಿಂದೆ ಸರಿಯಲಿಲ್ಲ. 1976ರಲ್ಲಿ ರಾಜ್ಯದ ಶಾಸನಸಭೆ ಕಾಲೇಜನ್ನು ಉಳಿಸಿತು. ಅದು ಇಂದಿಗೂ ನಡೆಯುತ್ತಿದೆ. ದೊಡ್ಡ ಕಚೇರಿ, ಮುದ್ರೆ, ವಾರ್ಷಿಕ ವರದಿ ಯಾವುದೂ ಇಲ್ಲದ ಆ ಹೋರಾಟ ಸಮಿತಿಗಳನ್ನೂ ನಾನು ಸಂಘಟನೆಗಳ ಲೆಕ್ಕಕ್ಕೇ ಸೇರಿಸುತ್ತೇನೆ.

ವಿದ್ಯಾರ್ಥಿವೇತನ ಕೊಡುವ ಸಂಸ್ಥೆಗಳ ಬಗ್ಗೆ ನಾನು ಹಗುರವಾಗಿ ಮಾತನಾಡುತ್ತಿಲ್ಲ. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅರ್ನೆಸ್ಟ್ ರೋಬ್ಲೆಸ್ ಅವರು ಆರಂಭಿಸಿದ ಹಿಸ್ಪಾನಿಕ್ ವಿದ್ಯಾರ್ಥಿವೇತನ ನಿಧಿ ಇಂದು ಅಂಥ ಸಂಸ್ಥೆಗಳಲ್ಲೇ ದೊಡ್ಡದು. ಗುಳೆ ಹೋಗುವ ಕೃಷಿ ಕೂಲಿಗಳ ಮಕ್ಕಳಿಗೆಂದು 1972ರಲ್ಲಿ ಆರಂಭವಾದ ಸರ್ಕಾರಿ ಯೋಜನೆಯೂ ಇದೆ. ಆಸ್ಟಿನ್ ನಗರದ ಸೇಂಟ್ ಎಡ್ವರ್ಡ್ಸ್ ವಿಶ್ವವಿದ್ಯಾಲಯ ಅಂದಿನಿಂದ ದಶಕಗಳ ಕಾಲ ಅದನ್ನು ನಡೆಸಿಕೊಂಡು ಬಂತು. ಮೊದಲ ವರ್ಷದ ಶುಲ್ಕ, ಊಟ, ವಸತಿ, ಪಾಠದ ನೆರವು ಎಲ್ಲವನ್ನೂ ಅದು ನೋಡಿಕೊಳ್ಳುತ್ತಿತ್ತು. ಮೊದಲ ವರ್ಷ ದಾಟಿದ ವಿದ್ಯಾರ್ಥಿ ಕೊನೆಯವರೆಗೆ ಉಳಿಯುವ ಸಾಧ್ಯತೆ ಹೆಚ್ಚು ಎಂಬ ಅನುಭವದಿಂದ ಹುಟ್ಟಿದ ಯೋಜನೆ ಅದು.

ಕ್ಯಾಲಿಫೋರ್ನಿಯಾದ ಪುವೆಂತೆ ಯೋಜನೆಯ ಬಗ್ಗೆ ಎರಡು ಮಾತು, ಏಕೆಂದರೆ ಅದು ನಮ್ಮಂಥ ಅಧ್ಯಾಪಕರೇ ಕಟ್ಟಿದ್ದು. 1981ರಲ್ಲಿ ಹೇವರ್ಡ್‌ನ ಚಾಬೋ ಕಾಲೇಜಿನಲ್ಲಿ ಸಲಹೆಗಾರ ಫೆಲಿಕ್ಸ್ ಗಲಾವಿಸ್ ಮತ್ತು ಇಂಗ್ಲಿಷ್ ಅಧ್ಯಾಪಕಿ ಪೆಟ್ರೀಷಿಯಾ ಮೆಕ್‌ಗ್ರಾತ್ ಇದನ್ನು ಆರಂಭಿಸಿದರು. ಸಾವಿರಾರು ಲ್ಯಾಟಿನೊ ವಿದ್ಯಾರ್ಥಿಗಳು ಕಮ್ಯುನಿಟಿ ಕಾಲೇಜಿಗೆ ಸೇರುತ್ತಾರೆ, ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ದಾಟುವವರು ಬಹಳ ಕಡಿಮೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ಅವರು ಮಾಡಿದ್ದು ಮೂರು ಕೆಲಸ. ಇಂಗ್ಲಿಷ್ ಬರವಣಿಗೆಯ ತರಗತಿಯಲ್ಲಿ ಮೆಕ್ಸಿಕನ್ ಅಮೆರಿಕನ್ ಲೇಖಕರ ಕೃತಿಗಳನ್ನು ಪಾಠವಾಗಿಟ್ಟರು. ಅದೇ ತಂಡಕ್ಕೆ ವರ್ಷವಿಡೀ ಒಬ್ಬ ಸಲಹೆಗಾರರನ್ನು ಅಂಟಿಸಿದರು. ಊರಿನ ಲ್ಯಾಟಿನೊ ವಕೀಲರು, ದಾದಿಯರು, ಎಂಜಿನಿಯರುಗಳನ್ನು ಕರೆತಂದು ಒಬ್ಬೊಬ್ಬ ವಿದ್ಯಾರ್ಥಿಗೂ ಮಾರ್ಗದರ್ಶಿಯಾಗಿ ಜೋಡಿಸಿದರು. ಒಂದು ಕಾಲೇಜಿನ ಒಂದು ತರಗತಿಯಿಂದ ಹೊರಟದ್ದು ರಾಜ್ಯದ ಹಲವಾರು ಕಾಲೇಜುಗಳಿಗೆ ಹಬ್ಬಿತು.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಶೇ 25ರ ಗೆರೆ ದಾಟಿದ ಕಾಲೇಜೆಲ್ಲ ಆ ವಿದ್ಯಾರ್ಥಿಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತದೆಯೇ? ಸುತ್ತಲಿನ ಜನಸಂಖ್ಯೆ ಬದಲಾದ ಮಾತ್ರಕ್ಕೆ ಗೆರೆ ದಾಟಿದ ಕಾಲೇಜುಗಳಿವೆ. ಅಲ್ಲಿ ಪಾಠ, ಅಧ್ಯಾಪಕರು, ಕಚೇರಿಯ ವರ್ತನೆ ಯಾವುದೂ ಬದಲಾಗದೆ ಇರಬಹುದು. ಲ್ಯಾಟಿನೊ ವಿದ್ಯಾರ್ಥಿಗಳು ಸೇರುತ್ತಾರೆ, ಅರ್ಧದಲ್ಲಿ ಬಿಡುತ್ತಾರೆ, ಅವರ ತಲೆ ಎಣಿಕೆಯ ಮೇಲೆ ಕಾಲೇಜಿಗೆ ಅನುದಾನ ಬರುತ್ತದೆ. ಈ ನೋವಿನ ಜಾಗವನ್ನು ಮುಟ್ಟಿದ್ದು 2004ರಲ್ಲಿ ವಾಷಿಂಗ್ಟನ್‌ನಲ್ಲಿ ಸಾರಿಟಾ ಬ್ರೌನ್ ಮತ್ತು ಡೆಬೊರಾ ಸ್ಯಾಂಟಿಯಾಗೊ ಕಟ್ಟಿದ ಎಕ್ಸೆಲೆನ್ಸಿಯಾ ಇನ್ ಎಜುಕೇಷನ್. ಇದು ಹಣ ಹಂಚುವ ಸಂಸ್ಥೆಯಾಗಿ ಹುಟ್ಟಲಿಲ್ಲ. ಅಂಕಿ ಅಂಶ ಕಲೆಹಾಕಿ ಪ್ರಕಟಿಸುವುದು, ಯಾವ ಕಾಲೇಜಿನ ಯಾವ ಕ್ರಮ ನಿಜವಾಗಿ ಫಲ ಕೊಟ್ಟಿದೆ ಎಂದು ಹುಡುಕಿ ಇತರರಿಗೆ ತೋರಿಸುವುದು ಅದರ ಕೆಲಸ. 2019ರಿಂದ ಅದು ಕಾಲೇಜುಗಳಿಗೆ ಒಂದು ಮುದ್ರೆ ಕೊಡುತ್ತಿದೆ. ಎಷ್ಟು ಜನ ಸೇರಿದರು ಎಂದಷ್ಟೇ ಕೇಳದೆ ಎಷ್ಟು ಜನ ಉಳಿದರು, ಎಷ್ಟು ಜನ ಪದವಿ ಪಡೆದರು, ಅಧ್ಯಾಪಕರಲ್ಲಿ ಲ್ಯಾಟಿನೊಗಳು ಎಷ್ಟು, ಮುಖ್ಯಸ್ಥರು ಇದಕ್ಕೆ ಹೊಣೆ ಹೊತ್ತಿದ್ದಾರೆಯೇ ಎಂಬುದನ್ನೆಲ್ಲ ನೋಡುತ್ತದೆ. ಮುದ್ರೆ ಸಿಕ್ಕ ಮೇಲೂ ಅದು ಕಾಯಂ ಅಲ್ಲ, ಕೆಲವು ವರ್ಷಗಳಿಗೊಮ್ಮೆ ಮತ್ತೆ ಸಾಬೀತು ಮಾಡಬೇಕು. ತಮ್ಮ ಪರವಾದ ಸಂಸ್ಥೆಗಳನ್ನೇ ಹೀಗೆ ನಿಷ್ಠುರವಾಗಿ ಪ್ರಶ್ನಿಸುವ ಧೈರ್ಯ ಒಂದು ಸಮುದಾಯಕ್ಕೆ ಬಂದಿರುವುದು ಸಣ್ಣ ಮಾತಲ್ಲ. ಇಂದಿಗೂ ವಯಸ್ಕ ಲ್ಯಾಟಿನೊಗಳಲ್ಲಿ ನಾಲ್ಕು ವರ್ಷದ ಪದವಿ ಇರುವವರು ಐವರಲ್ಲಿ ಒಬ್ಬರಷ್ಟೇ. ಇಡೀ ದೇಶದ ಪ್ರಮಾಣ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು.

ಈಗ 2025ಕ್ಕೆ ಬರುತ್ತೇನೆ. ಆ ಒಂದೇ ವರ್ಷದಲ್ಲಿ ನಾಲ್ಕು ದಶಕಗಳ ಕೆಲಸದ ಬುಡಕ್ಕೆ ಕೈ ಬಿದ್ದಿದೆ. ಜನವರಿಯಲ್ಲಿ, 1990ರಲ್ಲಿ ಮೊದಲ ಜಾರ್ಜ್ ಬುಷ್ ಕಾಲದಲ್ಲಿ ಆರಂಭವಾಗಿ ಮುಂದಿನ ಅಧ್ಯಕ್ಷರೆಲ್ಲ ಉಳಿಸಿಕೊಂಡು ಬಂದಿದ್ದ ಹಿಸ್ಪಾನಿಕ್ ಶಿಕ್ಷಣದ ಶ್ವೇತಭವನ ಉಪಕ್ರಮವನ್ನು ರದ್ದುಮಾಡಲಾಯಿತು. ಜೂನ್ ತಿಂಗಳಲ್ಲಿ ಟೆಕ್ಸಾಸ್‌ನ ಇನ್ನೊಂದು ಕಾನೂನು ಬಿತ್ತು. ದಾಖಲೆಗಳಿಲ್ಲದಿದ್ದರೂ ರಾಜ್ಯದಲ್ಲೇ ಬೆಳೆದು ಪ್ರೌಢಶಾಲೆ ಮುಗಿಸಿದ ವಿದ್ಯಾರ್ಥಿಗಳು ಸ್ಥಳೀಯರ ಶುಲ್ಕವನ್ನೇ ಕಟ್ಟಿದರೆ ಸಾಕು ಎಂದು 2001ರಲ್ಲಿ ದೇಶಕ್ಕೇ ಮೊದಲಾಗಿ ಹೇಳಿದ ರಾಜ್ಯ ಅದು. ಕೇಂದ್ರ ಸರ್ಕಾರ ದಾವೆ ಹೂಡಿದ ದಿನವೇ ರಾಜ್ಯ ಸರ್ಕಾರ ಒಪ್ಪಿಕೊಂಡಿತು, ನ್ಯಾಯಾಧೀಶರು ಕಾನೂನನ್ನು ತಡೆದರು. ವಿದ್ಯಾರ್ಥಿಗಳ ಪರವಾಗಿ ನ್ಯಾಯಾಲಯದ ಬಾಗಿಲು ತಟ್ಟಿದ್ದು ಮತ್ತೆ ಮಾಲ್ಡೆಫ್.

ಅದೇ ಜೂನ್‌ನಲ್ಲಿ ಟೆನೆಸ್ಸಿ ರಾಜ್ಯವೂ, 2023ರಲ್ಲಿ ಹಾರ್ವರ್ಡ್ ವಿರುದ್ಧ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದು ಪ್ರವೇಶದಲ್ಲಿ ಜನಾಂಗದ ಪರಿಗಣನೆಯನ್ನು ನಿಲ್ಲಿಸಿದ ಗುಂಪೂ ಸೇರಿ ಹಿಸ್ಪಾನಿಕ್ ಸೇವಾ ಸಂಸ್ಥೆಗಳ ಅನುದಾನದ ವಿರುದ್ಧವೇ ದಾವೆ ಹೂಡಿದವು. ಅವರ ವಾದವನ್ನು ನ್ಯಾಯವಾಗಿ ಹೇಳಬೇಕು. ಟೆನೆಸ್ಸಿಯ ಸರ್ಕಾರಿ ಕಾಲೇಜುಗಳಲ್ಲಿ ಯಾವುದೂ ಶೇ 25 ಮುಟ್ಟುವುದಿಲ್ಲ. ಅಲ್ಲಿಯೂ ಬಡ ಹಿಸ್ಪಾನಿಕ್ ವಿದ್ಯಾರ್ಥಿಗಳಿದ್ದಾರೆ. ಒಂದು ಜನಾಂಗದ ಪ್ರಮಾಣವನ್ನು ನೋಡಿ ಹಣ ಕೊಡುವುದು ಸಂವಿಧಾನಕ್ಕೆ ವಿರುದ್ಧ ಎನ್ನುತ್ತಾರೆ. ಜುಲೈನಲ್ಲಿ ಕೇಂದ್ರದ ನ್ಯಾಯ ಇಲಾಖೆ ಈ ಕಾನೂನನ್ನು ತಾನು ಸಮರ್ಥಿಸುವುದಿಲ್ಲ ಎಂದಿತು. ಸೆಪ್ಟೆಂಬರ್‌ನಲ್ಲಿ ಶಿಕ್ಷಣ ಇಲಾಖೆ ಈ ಬಗೆಯ ಹಲವು ಕಾರ್ಯಕ್ರಮಗಳ ಸುಮಾರು 35 ಕೋಟಿ ಡಾಲರ್ ಅನುದಾನವನ್ನು ನಿಲ್ಲಿಸಿತು. ಈ ದಾವೆಯಲ್ಲಿ ಆ ಕಾನೂನಿನ ಪರ ನಿಲ್ಲಲು ತನ್ನನ್ನೂ ಪಕ್ಷಗಾರನನ್ನಾಗಿ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ್ದು 1986ರಲ್ಲಿ 18 ಕಾಲೇಜುಗಳು ಸೇರಿ ಕಟ್ಟಿದ ಆ ಹಾಕು ಒಕ್ಕೂಟ.

ಉಪನ್ಯಾಸದ ಬಳಿಕ ಒಬ್ಬರು ಕೇಳಿದರು: ಇಷ್ಟೆಲ್ಲ ವರ್ಷ ಹೋರಾಡಿ ಸಂಸ್ಥೆ ಕಟ್ಟುವುದಕ್ಕಿಂತ ಆ ಹಣವನ್ನು ನೇರವಾಗಿ ವಿದ್ಯಾರ್ಥಿಗಳಿಗೆ ಕೊಟ್ಟಿದ್ದರೆ ಬೇಗ ಫಲ ಸಿಗುತ್ತಿರಲಿಲ್ಲವೇ? ಬೇಗ ಸಿಗುತ್ತಿತ್ತು, ನಿಜ. ಆದರೆ ಮೂರು ಡಾಕ್ಟರೇಟ್ ಕಾರ್ಯಕ್ರಮಗಳಿದ್ದ ಸೀಮೆಯಲ್ಲಿ ಆಮೇಲೂ ಮೂರೇ ಇರುತ್ತಿದ್ದವು. ವೈದ್ಯಕೀಯ ಓದಲು ಹೊರಗೆ ಹೋದವರು ಮರಳುವುದು ಅಪರೂಪ; ರಿಯೊ ಗ್ರಾಂಡೆ ಕಣಿವೆಯಲ್ಲಿ ವೈದ್ಯರ ಕೊರತೆಗೆ ಅದೂ ಒಂದು ಕಾರಣವಾಗಿತ್ತು. ಅಲ್ಲಿ ಈಗ ವೈದ್ಯಕೀಯ ಕಾಲೇಜು ಇದೆ, ಅದರ ಮೊದಲ ತಂಡ 2020ರಲ್ಲಿ ಪದವಿ ಪಡೆದು ಹೊರಬಂತು.

ಇನ್ನೊಬ್ಬರ ಪ್ರಶ್ನೆ ಹೆಚ್ಚು ಕಠಿಣವಾದದ್ದು: ಜನಾಂಗದ ಅಳತೆ ಬಿಟ್ಟು ಬಡತನವನ್ನೇ ಅಳತೆಯಾಗಿಟ್ಟರೆ ಏನು ತಪ್ಪು? ತಪ್ಪಿಲ್ಲ, ಈಗಿನ ಕಾನೂನಿನಲ್ಲೂ ಬಡತನದ ಅಳತೆ ಸೇರಿಯೇ ಇದೆ. ಗಡಿಯ ದಾವೆಯೂ ಒಂದು ಅರ್ಥದಲ್ಲಿ ಸೀಮೆಯ ಲೆಕ್ಕದ ಮೇಲೇ ನಿಂತಿತ್ತು, 1989ರ ಹಣ ಬಂದದ್ದೂ ಸೀಮೆಯ ಹೆಸರಿನಲ್ಲೇ. ನಾಳೆ ನ್ಯಾಯಾಲಯ ಶೇ 25ರ ನಿಯಮವನ್ನು ತೆಗೆದುಹಾಕಿದರೆ ಈ ಸಂಘಟನೆಗಳು ಆ ದಾರಿಯನ್ನು ಮತ್ತೆ ಹಿಡಿಯಬೇಕಾದೀತು. ಆದರೆ ಬ್ರಾಂಕ್ಸ್, ಶಿಕಾಗೊ, ಲಾಸ್ ಏಂಜಲೀಸ್‌ನ ವಿದ್ಯಾರ್ಥಿ ಇರುವುದು ಶ್ರೀಮಂತ ನಗರದಲ್ಲಿ. ಸೀಮೆಯ ಲೆಕ್ಕಕ್ಕೆ ಅವನು ಸಿಗುವುದಿಲ್ಲ. ಕಮ್ಯುನಿಟಿ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ ದಾಟುವಾಗ ಲ್ಯಾಟಿನೊ ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೆ ಎಂದು ಪುವೆಂತೆಯ ಅಧ್ಯಾಪಕರು ಕಂಡುಕೊಂಡದ್ದು ಆ ವಿದ್ಯಾರ್ಥಿಗಳನ್ನೇ ಹೆಸರಿಟ್ಟು ನೋಡಿದ್ದರಿಂದ. ಆದ್ದರಿಂದ ಬಡತನದ ಅಳತೆ ಇನ್ನಷ್ಟು ಬಲವಾಗಲಿ, ಆದರೆ ಅದಕ್ಕಾಗಿ ಈ ನಿಯಮವನ್ನು ಬಿಟ್ಟುಕೊಡಬಾರದು ಎಂಬುದೇ ನನ್ನ ನಿಲುವು. ಹಾಕು ನ್ಯಾಯಾಲಯಕ್ಕೆ ಹೋಗಿ ನಿಂತದ್ದು ಸರಿ ಎಂದೇ ಆ ಸಭೆಯಲ್ಲಿ ಹೇಳಿದೆ, ಇಲ್ಲಿಯೂ ಅದನ್ನೇ ಬರೆಯುತ್ತಿದ್ದೇನೆ.